ತೆಕ್ಬರಳ ಹಲಗೆಗಳೂ ಸಮಿತಿಯ ಬೀಗವೂ

೨೦೧೧ನೇ ಇಸವಿ ಜೂನ್ ೧೯, ಭಾನುವಾರ. ಬೆಳಗಿನ ಮೊದಲ ಸುತ್ತಿನ ಚಹಾ ಇನ್ನೂ ಲೋಟಕ್ಕೆ ಇಳಿದಿರಲಿಲ್ಲ. ಗ್ರಂಥರಕ್ಷಣಾ ಸಮಿತಿಯ ಮೂವರು ಬಂದು ಬೂಹನ ಮಗಳು ತೆಕ್ಬರಳ ಕೊರಳಲ್ಲಿದ್ದ ಮರದ ಬೀಗದ ಕೈಯನ್ನು ತೆಗೆದುಕೊಂಡರು. ಆಕೆಯ ಮನೆತನದ ಪುಸ್ತಕದ ಮನೆಯ ಬಾಗಿಲಿಗೆ ಕಬ್ಬಿಣದ ಬೀಗ ಜಡಿದರು. ಇದು ಶನಿವಾರ ನಡೆಯಿತೆಂದು ಹೇಳುವವರು ಊರಲ್ಲಿದ್ದಾರೆ, ಅದು ತಪ್ಪು. ಆಕೆ ಸ್ವಂತ ಒಪ್ಪಿಗೆಯಿಂದ ಒಪ್ಪಿಸಿದಳೆಂದು ಸಮಿತಿಯ ವರದಿ ಹೇಳುತ್ತದೆ. ಅದು ಇನ್ನೂ ದೊಡ್ಡ ತಪ್ಪು. ಮನೆಗೆ ಬಂದ ಅತಿಥಿ ಕೇಳಿದ್ದನ್ನು ಇಲ್ಲವೆನ್ನುವ ರೂಢಿ ಆ ಮನೆತನಕ್ಕಿಲ್ಲ. ನೋಡಿ ಕೊಡುತ್ತೇವೆಂದು ಕೇಳಿದರು, ಆಕೆ ಕೊಟ್ಟಳು. ನೋಡಿದವರು ಹಿಂದಿರುಗಿಸಲಿಲ್ಲ.

ಮರಳುಗಾಡಿನ ಅದ್ರಾರ್ ಬೆಟ್ಟಗಳ ನಡುವಿನ ಈ ಊರಿನಲ್ಲಿ ಪುಸ್ತಕದ ಪೆಟ್ಟಿಗೆಗಳಿಲ್ಲದ ಮನೆ ಕಡಿಮೆ. ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳ ಎಣಿಕೆಯೇ ಘನತೆ. ಒಳಗೇನಿದೆಯೆಂದು ಗೆದ್ದಲಿಗೆ ಗೊತ್ತಿರುವಷ್ಟು ಯಜಮಾನನಿಗೆ ಗೊತ್ತಿರುವುದಿಲ್ಲ. ತೆಕ್ಬರಳ ಅಜ್ಜ ಅಬ್ದಾತಿಯ ಮನೆ ಹಾಗಿರಲಿಲ್ಲ. ಅಲ್ಲಿ ಪುಸ್ತಕ ಕೇಳಿ ಬಂದವನಿಗೆ ಒಂದೇ ಒಂದು ಪ್ರಕರಣ ಸಿಗುತ್ತಿತ್ತು. ಅದನ್ನು ಅವನು ತನ್ನ ಮರದ ಹಲಗೆಯ ಮೇಲೆ ಮಸಿಯಲ್ಲಿ ಬರೆದುಕೊಳ್ಳಬೇಕು. ಬರೆದದ್ದನ್ನು ಕೈಯಿಂದ ಮಾಡಿ ತೋರಿಸಬೇಕು. ಮಾಡುವಾಗ ಗುರು ಪುಸ್ತಕವನ್ನು ತೆರೆದು ಎದುರಿಗೆ ಹಿಡಿದಿರಬೇಕು. ಗುರುವಿಗೆ ಕಂಠಪಾಠವಿದ್ದರೂ ಸರಿ, ಹಾಳೆ ಎದುರಿಗಿಲ್ಲದೆ ಪಾಠವಿಲ್ಲ. ಶಿಷ್ಯನಿಗೂ ಗುರುವಿಗೂ ಅದೇ ಸಾಕ್ಷಿ. ಕೆಲಸ ಸರಿಬಂದರೆ ಹಲಗೆ ತೊಳೆದು, ಆ ನೀರನ್ನು ಖರ್ಜೂರದ ಬುಡಕ್ಕೆ ಸುರಿದು, ಮುಂದಿನ ಪ್ರಕರಣ. ಸರಿಬರದಿದ್ದರೆ ವರ್ಷವಾದರೂ ಅದೇ ಹಲಗೆ.

ತೆಕ್ಬರ್ ಮೂಳೆ ಕಟ್ಟುವ ಪುಸ್ತಕ ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಮೊದಲ ರೋಗಿ ಅಜ್ಜನದೇ ಮೇಕೆ. ಆ ಮೇಕೆ ಮುಂದೆ ಕುಂಟುತ್ತಲೇ ಬದುಕಿತು, ಹಲಗೆಯೂ ತೊಳೆಯದೆ ಉಳಿಯಿತು. ಎರಡನೆಯ ಮೇಕೆ ಗೋಡೆ ಹಾರಿತು. ಇಡೀ ಪುಸ್ತಕ ಮುಗಿಸುವಷ್ಟರಲ್ಲಿ ಆಕೆ ಎರಡು ಮದುವೆಯಾಗಿ ಇಬ್ಬರು ಗಂಡಂದಿರನ್ನೂ ಬಿಟ್ಟಿದ್ದಳು. ಗಂಡನನ್ನು ಬಿಟ್ಟವಳನ್ನು ಸಂಭ್ರಮದಿಂದ ತವರಿಗೆ ಕರೆತರುವ ಇಲ್ಲಿಯ ರೂಢಿಯಂತೆ ಎರಡು ಸಲವೂ ಗೆಳತಿಯರು ಡೋಲು ಬಡಿದು ಮನೆಗೆ ಕರೆತಂದರು. ಮೂರನೆಯವನು ಕಾಲು ಮುರಿದುಕೊಂಡು ಬಂದ ರೋಗಿ. ಕಾಲು ಕೂಡಿತು, ಅವನೂ ಉಳಿದ. ಆಮೇಲಿನ ನಲವತ್ತು ವರ್ಷಗಳಲ್ಲಿ ಸುತ್ತಣ ಡೇರೆಗಳಿಂದಲೂ ತೋಟಗಳಿಂದಲೂ ಬಂದ ಎಷ್ಟೋ ಹೆಂಗಸರು ಆಕೆಯ ಅಂಗಳದಲ್ಲಿ ಹಲಗೆ ತೊಳೆದು ಮೂಳೆ ಕಟ್ಟುವವರಾಗಿ ಹೋದರು.

ಬೀಗ ಬಿದ್ದ ದಿನ ಅಂಗಳದಲ್ಲಿದ್ದವಳು ಸಲ್ಕ, ಒಂಟೆ ಸಾಕುವ ವಿಧವೆ. ಹೆಗಲಿಗೆ ಕೂಡುವ ಕೊರಳೆಲುಬಿನ ಪ್ರಕರಣದ ಅರ್ಧ ಅವಳ ಹಲಗೆಯ ಮೇಲಿತ್ತು, ಇನ್ನರ್ಧ ಬೀಗದೊಳಗೆ.

"ನಿಂಗೆ ಬಾಯಿಗೇ ಬರುತ್ತಲ್ಲಕ್ಕಾ, ಹೇಳ್ಬಿಡು," ಎಂದಳು ಸಲ್ಕ.

"ಬರುತ್ತೆ ಕಣೆ. ತಪ್ಪು ಹೇಳಿದ್ರೆ ನನ್ನ ಕಿವಿ ಹಿಂಡೋರು ಯಾರು?"

ಪಾಠ ನಿಂತಿತು. ಸಲ್ಕಳ ಡೇರೆಗಳಿರುವ ಕಡೆ ಬೇರೆ ಮೂಳೆ ಕಟ್ಟುವವರಿರಲಿಲ್ಲ. ಆಸ್ಪತ್ರೆ ಒಂದು ದಿನದ ದಾರಿ. ಅಜ್ಜನ ಕಾಲದಿಂದ ನಿಲ್ಲದ ಪಾಠ ತನ್ನ ಕಾಲದಲ್ಲಿ ನಿಂತಿತೆಂಬುದನ್ನು ತೆಕ್ಬರ್ ಯಾರ ಮುಂದೆಯೂ ಆಡಲಿಲ್ಲ; ಚಹಾಕ್ಕೆ ಸಕ್ಕರೆ ಹಾಕುವುದನ್ನು ಮಾತ್ರ ಮರೆಯತೊಡಗಿದಳು.

ಜುಲೈನಲ್ಲಿ ಖರ್ಜೂರದ ಸುಗ್ಗಿಗೆ ರಾಜಧಾನಿಯಿಂದ ನೆಂಟರೆಲ್ಲ ಬಂದರು. ಸಮಿತಿಯ ಅಧ್ಯಕ್ಷ ಸಿದಾತಿಯೂ ಬಂದ. ಅವನು ತೆಕ್ಬರಳ ಸೋದರಮಾವನ ಮಗ. ಇಬ್ಬರೂ ಹುಟ್ಟಿದಾಗಿನಿಂದ ಒಬ್ಬರನ್ನೊಬ್ಬರು ಕೆಣಕಿಕೊಂಡೇ ಬೆಳೆದವರು. ಖರ್ಜೂರದ ಮರದಡಿ ಚಾಪೆಯ ಮೇಲೆ ಕುಳಿತು ಅವನು ಅಂಗೈಯಗಲದ ಕಪ್ಪು ಡಬ್ಬಿಯೊಂದನ್ನು ತೋರಿಸಿದ.

"ನೋಡು ತೆಕ್ಬರ್, ಈ ಊರಿನ ಒಂದೊಂದು ಹಾಳೆಯ ಫೋಟೋನೂ ಇದರಲ್ಲಿದೆ. ಮೂವತ್ತು ಸಾವಿರ ಹಾಳೆ!"

"ಅಬ್ಬಾ! ಅಷ್ಟು ನುಂಗಿದೆ, ಒಂದು ತೇಗೂ ಬರ್ಲಿಲ್ವಲ್ಲೋ?"

"ನಗು, ನಗು. ನೀನು ದಿನಾ ಮುಟ್ಟಿ ಮುಟ್ಟಿ ಪುಸ್ತಕದ ಅಂಚೆಲ್ಲ ಸವೆಸಿದ್ದೀಯ. ಇನ್ನು ಯಾರೂ ಮುಟ್ಟೋಹಾಗಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದೀವಿ. ಸಾವಿರ ವರ್ಷ ಇರುತ್ತೆ."

"ನೀನೂ ಹಾಗೇ ಸುತ್ತಿಸ್ಕೊಳ್ಳಪ್ಪ. ಚಂದ ಇರ್ತೀಯ, ಕೆಲಸಕ್ಕೆ ಬರಲ್ಲ ಅಷ್ಟೆ."

ಚಾಪೆಯವರೆಲ್ಲ ನಕ್ಕರು. ಸಿದಾತಿಯೂ ನಕ್ಕ, ಬೀಗದ ಕೈ ಮಾತ್ರ ಕೊಡಲಿಲ್ಲ.

ಅಂದೇ ತೆಕ್ಬರ್ ತಾನು ಕಲಿಸಿದವರಿಗೆಲ್ಲ ಹೇಳಿಕಳಿಸಿದಳು: ನೀವು ಯಾವ ಪ್ರಕರಣವನ್ನು ಹೆಚ್ಚು ಸಲ ಕೈಯಲ್ಲಿ ಮಾಡಿದ್ದೀರೋ ಅದನ್ನು ಹಲಗೆಯ ಮೇಲೆ ಬರೆದು ತನ್ನಿ. ನಾಲ್ಕನೆಯ ದಿನಕ್ಕೆ ಹೆಂಗಸರು ಬಂದರು, ಕತ್ತೆಯ ಮೇಲೆ, ಲಾರಿಯ ಮೇಲೆ, ಕೆಲವರು ನಡೆದು. ಬೀಗ ಬಿದ್ದ ಬಾಗಿಲಿನ ಎಡಬಲದ ಗೋಡೆಗೆ ಹಲಗೆಗಳನ್ನು ಒರಗಿಸಿದರು. ಬೆರಳಿನಿಂದ ಸೊಂಟದವರೆಗೆ ಮೂಳೆ ಕಟ್ಟುವ ಪುಸ್ತಕ ಇಡಿಯಾಗಿ ಬಿಸಿಲಿನಲ್ಲಿ ನಿಂತಿತು. ಒಂದೇ ಪ್ರಕರಣವನ್ನು ಇಬ್ಬರು ಮೂವರು ತಂದಿದ್ದರು; ಹೋಲಿಸಿದರೆ ಪದಕ್ಕೆ ಪದ ಕೂಡಿತು. ತೆಕ್ಬರ್ ಮೊದಲ ಹಲಗೆಯಿಂದ ಕೊನೆಯದರವರೆಗೆ ಸೆರಗು ಎಳೆದುಕೊಳ್ಳುತ್ತ ನಡೆದಳು. ಆ ನಡಿಗೆಯಲ್ಲಿ ಜಂಬವಿತ್ತು, ಇರಬೇಕಾದದ್ದೇ.

ಸಿದಾತಿ ಡಬ್ಬಿಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಒಂದೊಂದನ್ನೇ ತಾಳೆ ನೋಡಿದ. ಅವನ ಶ್ರದ್ಧೆಗೆ ಕುಂದು ಹೇಳುವಂತಿಲ್ಲ. ಮುಂದೋಳಿನ ಹಲಗೆಗಳ ಮುಂದೆ ನಿಂತು ತಲೆ ಎತ್ತಿದ.

"ಇಲ್ಲಿ ನೋಡು! 'ಮಗುವಾದರೆ, ಕಟ್ಟಿನಡಿ ನಿನ್ನ ಕಿರುಬೆರಳು ಹೋಗುವಂತಿರಲಿ.' ಈ ಸಾಲು ಮೂರು ಹಲಗೆಯಲ್ಲೂ ಇದೆ, ಪುಸ್ತಕದಲ್ಲಿ ಇಲ್ವೇ ಇಲ್ಲ. ಬಿಗಿಯಾಗಿ ಕಟ್ಟು ಅಂತಷ್ಟೇ ಇದೆ. ಇದು ಕಲಬೆರಕೆ, ತೆಕ್ಬರ್!"

"ಹೌದು, ಇಲ್ಲ," ಎಂದಳು ತೆಕ್ಬರ್. "ಪುಸ್ತಕ ಹೇಳಿದಷ್ಟೇ ಬಿಗಿಯಾಗಿ ಒಂದು ಮಗುವಿಗೆ ಕಟ್ಟಿದ್ದೆ. ಬೆರಳು ನೀಲಿಗಟ್ಟಿತು. ಬಿಚ್ಚಿ ಸಡಿಲ ಕಟ್ಟಿದೆ. ಅವತ್ತಿಂದ ಈ ಸಾಲು ಸೇರ್ಸಿದೀನಿ. ಆ ಪುಸ್ತಕ ಬರೆದೋರು ಇದ್ದಿದ್ರೆ ಅವರೇ ಸೇರಿಸೋರು."

ಚಹಾ ಸುರಿಯುತ್ತಿದ್ದ ಲಾರಿ ಚಾಲಕ ಯಸ್ಲೆಮ್ ಬಲಗೈ ಎತ್ತಿ ಐದೂ ಬೆರಳು ಆಡಿಸಿದ.

"ಆ ಕಲಬೆರಕೆ ನಾನೇ, ಅಧ್ಯಕ್ಷರೇ. ಇನ್ನೊಂದು ಲೋಟ ಹಾಕ್ಲಾ?"

ಸಿದಾತಿ ಲೋಟ ತೆಗೆದುಕೊಂಡ. ತೆಕ್ಬರ್ ಸಲ್ಕಳನ್ನು ಕರೆದು ಕೊರಳೆಲುಬಿನ ಹಲಗೆಯ ಮುಂದೆ ಕೂರಿಸಿ, ಉಳಿದರ್ಧವನ್ನು ಅವಳ ಹಲಗೆಗೆ ಬರೆಸಿದಳು. ಬರೆದು ತಂದಿದ್ದವಳು ಹಲಗೆಯನ್ನು ಎತ್ತಿ ಹಿಡಿದಳು. "ಇವತ್ತಿಗೆ ಇದೇ ಸಾಕ್ಷಿ. ಕಟ್ಟು, ನೋಡೋಣ," ಎಂದಳು ತೆಕ್ಬರ್. ಸಲ್ಕ ಯಸ್ಲೆಮನ ಹೆಗಲಿಗೆ ಬಟ್ಟೆ ಸುತ್ತಿ ಕಟ್ಟಿ ತೋರಿಸಿದಳು. ಎರಡು ಸಲ ಬಿಚ್ಚಿಸಿ, ಮೂರನೆಯದನ್ನು ತೆಕ್ಬರ್ ಒಪ್ಪಿದಳು. ಸಂಜೆ ಸಲ್ಕ ತನ್ನ ಹಲಗೆ ತೊಳೆದಾಗ ಹೆಂಗಸರ ನಾಲಗೆಯಿಂದ ಹೊಮ್ಮಿದ ಹರ್ಷದ ಕೂಗು ತೋಟದಾಚೆಗೂ ಕೇಳಿಸಿತು.

ಪಾಠ ಮುಂದುವರಿದಿದೆ, ಬೀಗವೂ ಮುಂದುವರಿದಿದೆ. ಬೀಗ ಬಿದ್ದ ಮೇಲೆ ಇದು ಎರಡನೆಯ ಸುಗ್ಗಿ. ಹೋದ ಮಳೆಯಲ್ಲಿ ಪುಸ್ತಕದ ಮನೆಯ ಮಾಡು ಸೋರಿದೆ. ಅದನ್ನು ಹೊರಗಿನಿಂದಲೇ ಕಾಣಬಹುದು. ಇಲ್ಲಿಯ ಮಸಿ ಗೋಂದಿನದು. ಪ್ಲಾಸ್ಟಿಕ್ಕಿನೊಳಗೆ ತೇವ ಸೇರಿದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಾಗುತ್ತದೆ. ಇದನ್ನು ತೆಕ್ಬರ್ ಸಮಿತಿಗೆ ಎರಡು ಸಲ ತಿಳಿಸಿದ್ದಾಳೆ. ಉತ್ತರವಿಲ್ಲ.

ಆದುದರಿಂದ, ಗ್ರಂಥರಕ್ಷಣಾ ಸಮಿತಿಯ ಅಧ್ಯಕ್ಷರೇ, ಸದಸ್ಯರೇ: ಈ ಸುಗ್ಗಿ ಮುಗಿಯುವುದರೊಳಗೆ ಬಾಗಿಲು ತೆರೆಯಿರಿ, ಪ್ಲಾಸ್ಟಿಕ್ಕು ಬಿಚ್ಚಿಸಿರಿ, ನೋಡಿ ಕೊಡುತ್ತೇವೆಂದು ಪಡೆದದ್ದನ್ನು ಕೊಟ್ಟವಳ ಕೈಗೇ ಹಿಂದಿರುಗಿಸಿರಿ. ಆ ಮನೆಯ ಬೀಗದ ಕೈ ನಿಮ್ಮಲ್ಲಿ ಯಾರಿಗಾದರೂ ಬೇಕೇಬೇಕೆಂದಿದ್ದರೆ, ಅವರು ಒಂದು ಹಲಗೆ ಹಿಡಿದು ತೆಕ್ಬರಳ ಅಂಗಳಕ್ಕೆ ಬರಲಿ. ಒಂದು ಪ್ರಕರಣ ಬರೆದು, ಕೈಯಿಂದ ಮಾಡಿ ತೋರಿಸಲಿ. ಮೇಕೆಯನ್ನು ಊರಿನವರೇ ಒದಗಿಸುತ್ತೇವೆ.