ದೊರೆಯ ಬಾಯಿಗೆ ಟೈಲರ ಮೂಗು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬನ್ನಕ್ಕ ಎಂದು. ತಂದೆತಾಯಿ ಇಟ್ಟ ಹೆಸರು ತಂಗಿಯೊಬ್ಬಳನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಆ ತಂಗಿಯೂ ‘ಅಕ್ಕಾ’ ಎನ್ನುತ್ತಿದ್ದಳಾದ್ದರಿಂದ ಪಾಪ, ಆ ಹೆಸರಿಗೆ ಮಾಡಲು ಕೆಲಸವೇ ಇರಲಿಲ್ಲ.

ಬನ್ನಕ್ಕನ ಬೇಕರಿ ದೊಡ್ಡದೇನಲ್ಲ. ಮುಂದೆ ಗಾಜಿನ ಕಪಾಟು, ಹಿಂದೆ ಹಿಟ್ಟು ನಾದುವ ಅಗಲದ ಮೇಜು, ಅದರಾಚೆ ಒಲೆ, ಮಹಡಿಯ ಮೇಲೆ ಮಲಗುವ ಕೋಣೆ. ಗಂಡ ತೀರಿಕೊಂಡ ಮೇಲೂ ಅಂಗಡಿಯನ್ನು ಒಬ್ಬಳೇ ತೂಗಿಸಿಕೊಂಡು ಬಂದಿದ್ದಳು. ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳು ಎಂದೂ ಗಡಿಯಾರ ನೋಡಿದವಳಲ್ಲ. ಬೀದಿಯಲ್ಲಿ ನಿಂತು ಯಾರೊಂದಿಗೋ ಹರಟುತ್ತಿದ್ದರೂ ಮೂಗು ಅವಳನ್ನು ಕರೆಯುತ್ತಿತ್ತು. ಮಾತನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿ ಒಲೆಯ ಬಾಗಿಲು ತೆರೆದರೆ, ಬ್ರೆಡ್ಡಿನ ಬೆನ್ನು ಹದವಾಗಿ ಕೆಂಪಾಗಿರುತ್ತಿತ್ತು.

ಒಂದು ಚಳಿಗಾಲ ಜ್ವರ ಬಂತು. ಹೋಗುವಾಗ ಅದು ಅವಳ ಮೂಗಿನ ಶಕ್ತಿಯನ್ನೂ ಗಂಟುಕಟ್ಟಿಕೊಂಡು ಹೋಯಿತು. ‘ಬಂದ್ರೆ ಬರಬಹುದು, ಬರದೇನೂ ಇರಬಹುದು’ ಎಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕೇ ಎಂದುಕೊಂಡು ಬನ್ನಕ್ಕ ಮನೆಗೆ ಬಂದಳು. ಬ್ರೆಡ್ಡಿನ ತಳ ತಟ್ಟಿ, ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದು ತಿಳಿಯುವುದನ್ನು ರೂಢಿಸಿಕೊಂಡಳು. ವ್ಯಾಪಾರಕ್ಕೆ ಕುಂದು ಬರಲಿಲ್ಲ. ಆದರೆ ಒಲೆಯ ಮುಂದೆ ನಿಂತಾಗೆಲ್ಲ ಒಳಗೆ ಏನೋ ಬರಿದಾದ ಹಾಗಾಗುತ್ತಿತ್ತು. ಸತ್ತವರನ್ನು ನೆನೆದರೆ ಮುಖ ಕಣ್ಣೆದುರು ಬರುತ್ತದೆ, ಹಳೆಯ ಹಾಡು ನೆನೆದರೆ ಕಿವಿಯಲ್ಲಿ ಗುನುಗುತ್ತದೆ. ವಾಸನೆ ಮಾತ್ರ ಎಷ್ಟು ಕೂಗಿದರೂ ಓಗೊಡುವುದಿಲ್ಲ. ಬಿಸಿ ಬ್ರೆಡ್ಡನ್ನು ಕೆನ್ನೆಗೆ ಒತ್ತಿಕೊಂಡು ಅವಳು ಸುಮ್ಮನೆ ನಿಂತುಬಿಡುತ್ತಿದ್ದಳು. ಕೆನ್ನೆ ಬೆಚ್ಚಗಾಗುತ್ತಿತ್ತು, ಅಷ್ಟೇ.

ಜೊತೆಗಿದ್ದದ್ದು ಒಂದು ನಾಯಿ. ವರ್ಷಗಳ ಹಿಂದೆ ಯಾವನೋ ಪುಣ್ಯಾತ್ಮ ಅದರ ಮೂತಿಗೆ ತಂತಿ ಬಿಗಿದು ಬೀದಿಗೆ ಬಿಟ್ಟಿದ್ದ. ತಂತಿ ಬಿಡಿಸಿ ಸಾಕಿದವಳು ಬನ್ನಕ್ಕ. ಮೂಗಿನ ಸುತ್ತ ಉಂಗುರದಂಥ ಗಾಯದ ಗುರುತು ಉಳಿದಿತ್ತು. ನಡಿಗೆಯ ಠೀವಿ ನೋಡಿ ‘ದೊರೆ’ ಎಂದು ಹೆಸರಿಟ್ಟಳು. ಅಂಗಡಿಯ ಮೆಟ್ಟಿಲೇ ದೊರೆಯ ಆಸ್ಥಾನ. ಬಂದವರ ತೊಡೆಯ ಮೇಲೆ ಗದ್ದವಿಟ್ಟು ಮುಖಕ್ಕೆ ನೇರವಾಗಿ ಆಕಳಿಸುವುದು ಅವನು ಮಾಡುವ ಮರ್ಯಾದೆ.

ಜ್ವರ ಕಳೆದು ಎರಡನೆಯ ವರ್ಷದಲ್ಲಿ ಬನ್ನಕ್ಕನಿಗೆ ಒಂದು ವಿಷಯ ಗಮನಕ್ಕೆ ಬಂತು. ಜನ ನಿಲ್ಲುತ್ತಿಲ್ಲ. ಬನ್ನು ಕೈಗೆ ಬಂದದ್ದೇ ತಡ, ಕಾಲಿಗೆ ಬುದ್ಧಿ ಹೇಳುತ್ತಾರೆ. ಪಕ್ಕದ ಅಂಗಡಿಯ ಟೈಲರು ಸಂಜೆ ಟೀ ಲೋಟ ಹಿಡಿದು ಅವಳ ಮೆಟ್ಟಿಲ ಮೇಲೆ ಕೂತು ಲೋಕದ ಸುದ್ದಿಯೆಲ್ಲ ಹೇಳುತ್ತಿದ್ದವರು, ಈಗ ತಮ್ಮ ಹೊಸ್ತಿಲಲ್ಲೇ ಸ್ಟೂಲು ಹಾಕಿಕೊಂಡು ಅಲ್ಲಿಂದಲೇ ಕೂಗಿ ಮಾತಾಡುತ್ತಾರೆ. ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಮಾತಿಗೆ ಇವಳನ್ನು ಬಿಟ್ಟರೆ ಹೊಲಿಗೆ ಮೆಷಿನ್ನು. ಅಂಥವರೇ ದೂರ ಸರಿದರಲ್ಲ ಎಂದು ಬನ್ನಕ್ಕ ಒಳಗೊಳಗೇ ಕುಗ್ಗಿದಳು. ನನ್ನ ಮೈಯೇ ನಾರುತ್ತಿದೆಯೇನೋ, ನನಗೆ ಗೊತ್ತಾಗುವ ಹಾಗಿಲ್ಲವಲ್ಲ! ದಿನಕ್ಕೆರಡು ಬಾರಿ ಸ್ನಾನ ಮಾಡಿದಳು. ಏಪ್ರನ್ನನ್ನು ಕುದಿಯುವ ನೀರಲ್ಲಿ ಅದ್ದಿ ಒಗೆದಳು. ಯಾರಾದರೂ ಹತ್ತಿರ ಬಂದರೆ ತಾನೇ ಒಂದು ಹೆಜ್ಜೆ ಹಿಂದೆ ಸರಿಯತೊಡಗಿದಳು.

ಕೊನೆಗೆ ಸತ್ಯ ಹೇಳಿದ್ದು ನಾಲಗೆಗೆ ಬೀಗವಿಲ್ಲದ ತಂಗಿ. ನಾಲ್ಕು ದಿನ ಇದ್ದುಹೋಗಲು ಬಂದವಳು ಬ್ಯಾಗು ಕೆಳಗಿಟ್ಟು ಕೂತದ್ದೇ ತಡ, ದೊರೆ ಗದ್ದವಿಟ್ಟು ಆಕಳಿಸಿದ.

‘ಅಯ್ಯಯ್ಯೋ! ಅಕ್ಕಾ, ಇದರ ಬಾಯೊಳಗೆ ಏನು ಸತ್ತಿದೆ?’ ಎಂದು ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

‘ನಾಯಿನಾ?’ ಎಂದಳು ಬನ್ನಕ್ಕ. ‘ನಾನಲ್ವಾ?’

‘ನೀನ್ಯಾಕೆ? ನೀನು ಸೋಪಿನ ಅಂಗಡಿ ಥರ ಇದೀಯ. ಇದರ ಬಾಯಿ ಮೋರಿ ಆಗಿದೆ. ಇಷ್ಟು ದಿನ ಯಾರೂ ಹೇಳಲಿಲ್ವಾ ನಿಂಗೆ?’

ಬನ್ನಕ್ಕ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ನಗು ನಿಂತಾಗ ನೋಡಿದರೆ ಕೆನ್ನೆಯ ಮೇಲೆ ಹಿಟ್ಟು ಕಲಸಿದಂತಾಗಿತ್ತು.

ಪ್ರಾಣಿಗಳ ಡಾಕ್ಟರಮ್ಮ ದೊರೆಯ ತುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ತೋರಿಸಿದಳು. ಹಲ್ಲುಗಳ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಕೊಳೆ, ಕೆಂಪಗೆ ಊದಿದ ವಸಡು. ಒಳಗಿನ ಎರಡು ದವಡೆ ಹಲ್ಲು ಅಲ್ಲಾಡುತ್ತಿದ್ದವು. ‘ತುಂಬ ನೋವಿರತ್ತೆ ಇವನಿಗೆ. ಹೇಳ್ಕೊಳ್ಳೋಕೆ ಬರಲ್ಲ, ಅಷ್ಟೆ’ ಎಂದಳು. ಅರಿವಳಿಕೆ ಕೊಟ್ಟು ಹಲ್ಲು ತೆಗೆದು, ಉಳಿದವನ್ನು ಕೆರೆದು ಸ್ವಚ್ಛ ಮಾಡಿ ಕಳಿಸಿದಳು. ಇಷ್ಟು ದಿನ ಆ ನೋವಿನ ಬಾಯಲ್ಲೇ ತನ್ನ ಕೈ ನೆಕ್ಕುತ್ತಿದ್ದನಲ್ಲ ಎಂದು ಬನ್ನಕ್ಕ ದಾರಿಯುದ್ದಕ್ಕೂ ಅವನ ತಲೆ ಸವರಿದಳು.

ಆಮೇಲೆ ಎದುರಾದದ್ದು ಬ್ರಶ್ಶಿನ ಸಮಸ್ಯೆ. ಗಾಯ ಮಾಗಿದ ಮೇಲೆ ದಿನಾ ಹಲ್ಲುಜ್ಜಬೇಕು ಎಂದಿದ್ದಳು ಡಾಕ್ಟರಮ್ಮ. ಬ್ರಶ್ಶು ಮೂತಿಯ ಹತ್ತಿರ ಬಂದರೆ ಸಾಕು, ದೊರೆ ಹಿಟ್ಟಿನ ಮೂಟೆಗಳ ಸಂದಿಗೆ ನುಗ್ಗಿ ನಡುಗುತ್ತಿದ್ದ. ತಂತಿಯ ನೆನಪು ಅದು. ಬಟ್ಟೆ ಸುತ್ತಿದ ಬೆರಳಿಗೂ ಅದೇ ಗತಿ. ಬನ್ನಕ್ಕ ಸೋತು ಮತ್ತೆ ಅವನನ್ನು ಕರೆದುಕೊಂಡು ಹೋದಳು.

‘ಬ್ರಶ್ಶಿಗೆ ಸಮ ಯಾವುದೂ ಇಲ್ಲ, ಸುಳ್ಳು ಹೇಳಲ್ಲ ನಾನು’ ಎಂದಳು ಡಾಕ್ಟರಮ್ಮ. ‘ಆದ್ರೆ ಇವನನ್ನ ಹಿಡಿದು ಬಲವಂತ ಮಾಡಿದ್ರೆ ಹಲ್ಲು ಉಳಿಯತ್ತೆ, ನಂಬಿಕೆ ಹೋಗತ್ತೆ. ಬೇರೆ ದಾರಿ ನೋಡೋಣ. ಅಗಿಯೋಕೆ ಕೊಡಿ. ಹಲ್ಲಿಗೇ ಅಂತ ಮಾಡಿರೋ ಕಡ್ಡಿ ಸಿಗತ್ತೆ, ಉಗುರು ಒತ್ತಿದ್ರೆ ಸ್ವಲ್ಪ ಇಳೀಬೇಕು, ಅಷ್ಟು ಮೆತ್ತಗಿರಲಿ. ಮೂಳೆ ಬೇಡ, ಹಲ್ಲು ಒಡೆಯತ್ತೆ. ಹಸಿ ಕ್ಯಾರೆಟ್ ಕೊಡಿ, ಖುಷಿಯಾಗಿ ಅಗೀತಾನೆ. ಊಟದ ಮೇಲೆ ಉದುರಿಸೋ ಪುಡಿ ಇದೆ, ಸಮುದ್ರದ ಪಾಚಿಯಿಂದ ಮಾಡಿದ್ದು. ಕುಡಿಯೋ ನೀರಿಗೆ ಹಾಕೋ ಔಷಧಿ ಕೊಡ್ತೀನಿ, ನೀರಿನ ಬಟ್ಟಲು ದಿನಾ ತೊಳೀರಿ. ನಮ್ಮ ಪೇಸ್ಟು ಮಾತ್ರ ಮುಟ್ಟಿಸಬೇಡಿ, ನಾಯಿಗಳಿಗೆ ಅದು ವಿಷ. ಮತ್ತೆ ನಿಮ್ಮ ಸಿಹಿ ಬನ್ನು...’

‘ಕೊಡಲ್ಲಮ್ಮ’ ಎಂದಳು ಬನ್ನಕ್ಕ, ಕೊಟ್ಟಿದ್ದವಳ ಮುಖ ಮಾಡಿ.

‘ಇನ್ನೊಂದು ಮಾತು. ವಾಸನೆ ಮುಚ್ಚೋದು ಬೇರೆ, ಬಾಯಿ ನೆಟ್ಟಗಾಗೋದು ಬೇರೆ. ಇಷ್ಟೆಲ್ಲ ಮಾಡಿದ ಮೇಲೂ ನಾತ ತಿರುಗಿ ಬಂದ್ರೆ ಒಳಗೆ ಏನೋ ಕೆಟ್ಟಿದೆ ಅಂತ. ಆಗಾಗ ಮೂಸಿ ನೋಡ್ತಾ ಇರಿ.’

ಬನ್ನಕ್ಕ ತಲೆಯಾಡಿಸಿದಳು. ಮೂಸಿ ನೋಡುವುದು ತನ್ನಿಂದಾಗದು ಎಂದು ಹೇಳಲು ಯಾಕೋ ಬಾಯಿ ಬರಲಿಲ್ಲ.

ಟೈಲರ ಹತ್ತಿರ ಮಾತ್ರ ಹೇಳಿದಳು. ಅವರು ಕತ್ತರಿ ಕೆಳಗಿಟ್ಟು ತಲೆ ತಗ್ಗಿಸಿದರು.

‘ಎಷ್ಟೋ ಸಲ ಹೇಳೋಣ ಅಂದ್ಕೊಂಡೆ ಬನ್ನಕ್ಕ. ನಿಮಗೆ ಮೊದಲೇ ಮೂಗಿನ ಸಂಕಟ, ಅದರ ಮೇಲೆ ಇದೊಂದು ಯಾಕೆ ಅಂತ ಸುಮ್ಮನಾದೆ. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಇಲ್ಲಿ ಬಾಯಿ ಬಿಟ್ಟೋನು ದೊರೆ, ಬಣ್ಣ ಕೆಟ್ಟಿದ್ದು ನಂದು.’

‘ಬಣ್ಣದ ಮಾತು ಬಿಡಿ ಮಾಸ್ಟ್ರೇ. ನಿಮ್ಮ ಮೂಗು ಸ್ವಲ್ಪ ಸಾಲ ಕೊಡ್ತೀರಾ?’

ಅಂದಿನಿಂದ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಟೈಲರು ಮೆಟ್ಟಿಲ ಮೇಲೆ ಮಂಡಿಯೂರುತ್ತಿದ್ದರು. ದೊರೆ ಆಕಳಿಸುತ್ತಿದ್ದ. ಟೈಲರು ಕಣ್ಣುಮುಚ್ಚಿ, ಬಟ್ಟೆಯ ಗುಣ ನೋಡುವವರ ಹಾಗೆ ಒಂದು ಗಳಿಗೆ ತಡೆದು ತೀರ್ಪು ಕೊಡುತ್ತಿದ್ದರು. ‘ಇವತ್ತು ಕ್ಯಾರೆಟ್ಟು.’ ‘ಇವತ್ತು ಸಮುದ್ರ.’ ಎಲ್ಲಕ್ಕಿಂತ ಒಳ್ಳೆಯ ತೀರ್ಪೆಂದರೆ, ‘ಇವತ್ತು ಬರೀ ನಾಯಿ.’ ಒಮ್ಮೆ ಮುಖ ಸಿಂಡರಿಸಿ ‘ಯಾಕೋ ಸರಿಯಿಲ್ಲ’ ಎಂದರು. ನೋಡಿದರೆ ಅಗಿಯುವ ಕಡ್ಡಿಯ ಚೂರೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಡಾಕ್ಟರಮ್ಮ ತೆಗೆದುಹಾಕಿದಳು.

ಮೂಗು ಸಾಲ ಕೊಟ್ಟವರು ಬಡ್ಡಿಯನ್ನೂ ತಾವೇ ಕೊಡತೊಡಗಿದರು. ಅವಳು ಕೇಳದಿದ್ದರೂ ಹೇಳುತ್ತಿದ್ದರು. ‘ಬನ್ನಕ್ಕ, ಮೊದಲನೇ ಬ್ರೆಡ್ಡು ಬಂತು. ಬಿಸಿಲಿಗೆ ಒಣಗಿದ ಹುಲ್ಲಿನ ಥರ ಇದೆ. ಹಿಂದೆ ಒಂಚೂರು ಸುಟ್ಟ ಸಕ್ಕರೆ.’ ‘ಎದುರುಮನೇಲಿ ಬಣ್ಣ ಬಳೀತಿದಾರೆ. ನಿಮಗೆ ಬರದೇ ಇರೋದೇ ಒಳ್ಳೇದಾಯ್ತು.’ ಅವರು ಹೇಳುವಾಗ ಬನ್ನಕ್ಕ ನಾದುವ ಕೈ ನಿಲ್ಲಿಸಿ ಕೇಳುತ್ತಿದ್ದಳು. ಒಮ್ಮೆ ಮಾತ್ರ ಕೇಳಿಯೇಬಿಟ್ಟಳು: ‘ನಿಮ್ಮ ಅಂಗಡಿ ಯಾವ ವಾಸನೆ ಮಾಸ್ಟ್ರೇ?’

ಟೈಲರು ಯೋಚಿಸಿದರು. ‘ಮೆಷಿನ್ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇಸ್ತ್ರಿ ಹೊಗೆ. ಒಳಗೆ ಕೂತೋನು ನಾನು. ನನ್ನ ವಾಸನೆ ನನಗೆ ಹೇಗೆ ಗೊತ್ತಾಗಬೇಕು?’

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಟೈಲರ ಕಣ್ಣು ಕೈಕೊಟ್ಟಿತು. ಸೂಜಿಗೆ ದಾರ ಪೋಣಿಸಲು ಬನ್ನಕ್ಕನನ್ನು ಕರೆಯುವಂತಾಯಿತು. ಒಂದು ಕೋಟಿನ ತೋಳು ತಿರುವುಮುರುವಾಗಿ ಕೂತಿತು. ಬೇರೆ ಊರಿನಲ್ಲಿ ಒಂಟಿಯಾಗಿದ್ದ ಅವರ ಅಕ್ಕ ‘ಬಂದು ನನ್ ಜೊತೇನೇ ಇರು’ ಎಂದಳು. ಹೊರಡುವ ದಿನ ಮೆಷಿನ್ನು ವ್ಯಾನಿಗೆ ಏರಿದ ಮೇಲೆ ಟೈಲರು ಬಂದು ಮಂಡಿಯೂರಿದರು. ದೊರೆ ಆಕಳಿಸಿದ. ‘ಬರೀ ನಾಯಿ’ ಎಂದರು ಟೈಲರು. ಮಂಡಿ ಹಿಡಿದುಕೊಂಡು ಎದ್ದು, ಇನ್ನೇನೋ ಹೇಳಲು ಹೋಗಿ, ಕೆಮ್ಮಿ, ವ್ಯಾನು ಹತ್ತಿದರು.

ಪಕ್ಕದಲ್ಲಿ ಬೀಗದ ಕೈ ಮಾಡುವವನೊಬ್ಬ ಅಂಗಡಿ ಇಟ್ಟ. ಒಳ್ಳೆಯವನೇ. ‘ಸ್ವಲ್ಪ ಇವನ ಬಾಯಿ ಮೂಸಿ ಹೇಳ್ತೀಯೇನಪ್ಪ?’ ಎಂದರೆ ಬಗ್ಗದೆಯೇ ‘ಪರವಾಗಿಲ್ಲ ಬಿಡಕ್ಕ’ ಎನ್ನುತ್ತಿದ್ದ. ಬನ್ನಕ್ಕ ಕಡ್ಡಿ, ಪುಡಿ, ನೀರಿನ ಔಷಧಿ ಯಾವುದನ್ನೂ ತಪ್ಪಿಸಲಿಲ್ಲ. ಆದರೆ ಬೆಳಗಿನ ಮೊದಲ ಬ್ರೆಡ್ಡು ಹೊರಗೆ ಬಂದಾಗ ಬೀದಿ ಮೂಕವಾಗಿರುತ್ತಿತ್ತು. ಅವಳು ತಳ ತಟ್ಟಿ ಸದ್ದು ಕೇಳುತ್ತಿದ್ದಳು. ಕೈ ಅಲ್ಲೇ ತಡೆಯುತ್ತಿತ್ತು. ಕಿವಿ ಪಕ್ಕದ ಅಂಗಡಿಯ ಕಡೆಗಿರುತ್ತಿತ್ತು. ಅಲ್ಲಿ ಅರ ತಿಕ್ಕುವ ಕಿರಿಕಿರಿ ಮಾತ್ರ.

ಭಾನುವಾರಗಳಲ್ಲಿ ಫೋನು ಬರುತ್ತಿತ್ತು.

‘ದೊರೆ ಬಾಯಿ ಹೇಗಿದೆ?’

‘ನನಗೇನು ಗೊತ್ತಾಗತ್ತೆ ಮಾಸ್ಟ್ರೇ? ನೀವಿದ್ದಿದ್ರೆ ಹೇಳ್ತಿದ್ರಿ.’

‘ಹಾಗಾದ್ರೆ ಕರ್ಕೊಂಡು ಬನ್ನಿ’ ಎಂದರು ಟೈಲರು, ನಗುತ್ತ.

ಬನ್ನಕ್ಕ ನಗಲಿಲ್ಲ. ಅಂಗಡಿಗೆ ರಜೆ ಹಾಕಿ, ಎರಡು ಬ್ರೆಡ್ಡು ಕಟ್ಟಿಕೊಂಡು, ದೊರೆಯ ಹಗ್ಗ ಹಿಡಿದು ಬಸ್ಸು ಹತ್ತಿದಳು. ಕಂಡಕ್ಟರು ಹಿಂದಿನ ಸೀಟು ತೋರಿಸಿ ಕೇಳಿದ: ‘ಎಲ್ಲಿಗಮ್ಮ, ನಾಯಿ ಸವಾರಿ?’

‘ಬಾಯಿ ತೋರಿಸೋಕೆ.’

‘ಡಾಕ್ಟರ ಹತ್ರಾನಾ?’

‘ಅಲ್ಲ, ಟೈಲರ ಹತ್ರ.’

ಕಂಡಕ್ಟರು ದೊರೆಯ ಬಾಯಿಯ ಕಡೆ ಒಮ್ಮೆ ನೋಡಿ ಟಿಕೆಟ್ಟು ಹರಿದುಕೊಟ್ಟ.

ಟೈಲರ ಅಕ್ಕನ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ದೊರೆ ಅವರನ್ನು ಕಂಡದ್ದೇ ಹಗ್ಗ ಕಿತ್ತುಕೊಂಡು ಹೋಗಿ ಗದ್ದವಿಟ್ಟ. ಟೈಲರು ಕಣ್ಣುಮುಚ್ಚಿ ಮೂಸಿದರು. ಬಹಳ ಹೊತ್ತು ಮೂಸಿದರು.

‘ಒಂಚೂರು ಇದೆ’ ಎಂದರು. ‘ಗಾಬರಿಯಾಗೋ ಅಂಥದ್ದಲ್ಲ. ಆದ್ರೆ ಮುಂದಿನ ತಿಂಗಳೂ ಒಂದ್ಸಲ ನೋಡೋದು ವಾಸಿ.’

ಟೀ ತಂದ ಅಕ್ಕ ತಾನೂ ಬಗ್ಗಿ ಮೂಸಿದಳು. ‘ನನಗೇನೂ ಬರ್ತಿಲ್ವಲ್ಲೋ.’

‘ನಿಂಗೆ ನೆಗಡಿ.’

‘ನನಗೆಲ್ಲಿ ನೆಗಡಿ ಇದೆ?’

‘ಶುರುವಾಗ್ತಿದೆ’ ಎಂದರು ಟೈಲರು.

ಬನ್ನಕ್ಕನಿಗೆ ಮಾತ್ರ ಆತಂಕ. ಮರುದಿನವೇ ದೊರೆಯನ್ನು ಡಾಕ್ಟರಮ್ಮನಿಗೆ ತೋರಿಸಿದಳು. ಅವಳು ದೀಪ ಹಿಡಿದು ಬಾಯೆಲ್ಲ ನೋಡಿ, ‘ವಸಡು ಚೆನ್ನಾಗಿದೆ, ವಾಸನೆ ಗೀಸನೆ ಏನಿಲ್ಲ. ಯಾರು ಹೇಳಿದ್ದು ನಿಮಗೆ?’ ಎಂದಳು. ಬನ್ನಕ್ಕ ‘ಯಾರೋ’ ಎಂದಳು. ಹೊರಗೆ ಬಂದು ರಸ್ತೆ ದಾಟಲು ನಿಂತವಳು ದಾಟಲೇ ಇಲ್ಲ. ವಾಹನಗಳು ಹೋಗಿ ರಸ್ತೆ ಖಾಲಿಯಾದರೂ ನಿಂತೇ ಇದ್ದಳು. ಒಲೆಯ ಬಾಗಿಲು ತೆರೆದಾಗ ಆಗುವಂತೆ ಮುಖ ಬಿಸಿಯಾಗಿತ್ತು.

ಮುಂದಿನ ತಿಂಗಳು ಹೋದಳು. ಅದರ ಮುಂದಿನ ತಿಂಗಳೂ ಹೋದಳು. ಪ್ರತಿ ಸಲವೂ ‘ಒಂಚೂರು ಇದೆ.’ ಪ್ರತಿ ಸಲವೂ ಬನ್ನಕ್ಕ ಚಿಂತೆಯ ಮುಖ ಮಾಡಿ ‘ಹೌದಾ’ ಎನ್ನುತ್ತಿದ್ದಳು. ಡಾಕ್ಟರಮ್ಮನ ಮಾತನ್ನು ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಟೀ ಕುಡಿಯುವುದು, ಬ್ರೆಡ್ಡಿನ ವಾಸನೆಯನ್ನು ಅವರು ಬಣ್ಣಿಸುವುದು, ಸಂಜೆಯ ಬಸ್ಸಿಗೆ ಅವರು ನಿಲ್ದಾಣದವರೆಗೆ ಬರುವುದು, ಇಷ್ಟೇ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಬೇರೆ ಯಾವುದೋ ಬಸ್ಸಿನ ಕಡೆ ಕೈ ಬೀಸುತ್ತಿರುತ್ತಿದ್ದರು, ಕಣ್ಣು ಅಷ್ಟು ಮಂದವಾಗಿತ್ತು. ಇವಳು ಕಿಟಕಿಯಿಂದ ಕೈ ಬೀಸಿ, ಆಮೇಲೆ ತಿಂಗಳ ಉಳಿದ ದಿನಗಳನ್ನೆಲ್ಲ ಹಿಟ್ಟು ನಾದುತ್ತ ಕಳೆಯುತ್ತಿದ್ದಳು.

ದೊರೆಗೆ ವಯಸ್ಸಾಯಿತು. ಹಲ್ಲು ಗಟ್ಟಿ, ಸೊಂಟ ಸೋತಿತು. ಒಂದು ಬೆಳಿಗ್ಗೆ ಬಸ್ಸಿನ ಮೆಟ್ಟಿಲಿಗೆ ಮುಂಗಾಲಿಟ್ಟು ಹಿಂಗಾಲು ಎತ್ತಲಾರದೆ, ತಪ್ಪು ಮಾಡಿದವನಂತೆ ಅವಳ ಮುಖ ನೋಡಿದ. ಬನ್ನಕ್ಕ ಅವನನ್ನು ಎತ್ತಿಕೊಂಡು ಮನೆಗೆ ಮರಳಿದಳು. ಆ ತಿಂಗಳು ಹೋಗಲಿಲ್ಲ, ಮುಂದಿನ ತಿಂಗಳೂ ಇಲ್ಲ. ಫೋನಿನಲ್ಲಿ ಮಾತು ಮೋಟಾಯಿತು.

‘ಪ್ರಯಾಣ ಆಗಲ್ಲ ಅವನಿಗೆ’ ಎಂದಳು.

‘ಆಗಲ್ಲ, ಪಾಪ’ ಎಂದರು ಅವರು. ‘ಬಾಯಿ ನೋಡ್ಕೊಳ್ಳಿ.’

‘ನೋಡ್ಕೋತೀನಿ.’

ಇಬ್ಬರೂ ಫೋನು ಇಡದೆ ಹಿಡಿದುಕೊಂಡಿದ್ದರು. ಆಡಲು ನಾಯಿಯ ಬಾಯಿಯ ಹೊರತು ಬೇರೆ ಮಾತನ್ನು ಅವರು ಕಲಿತಿರಲಿಲ್ಲ.

ಮಳೆ ನಿಂತ ಒಂದು ವಾರ ಬನ್ನಕ್ಕ ತಂಗಿಯನ್ನು ಕರೆಸಿದಳು. ‘ಒಂದು ದಿನ ದೊರೆ ಜೊತೆ ಇರು, ನನಗೆ ಕೆಲಸ ಇದೆ’ ಎಂದಳು.

‘ಏನು ಕೆಲಸ?’

‘ಇದೆ.’

ತಂಗಿ ಬೀಗವಿಲ್ಲದ ಬಾಯಿಯವಳಾದರೂ ಅಂದು ಅಕ್ಕನ ಇಸ್ತ್ರಿ ಮಾಡಿದ ಸೀರೆ ನೋಡಿ ಬಾಯಿ ಬಿಡಲಿಲ್ಲ.

ಓಣಿಯ ಕೊನೆಯ ಬಾಗಿಲು ತೆರೆದವರು ಟೈಲರೇ. ಅಭ್ಯಾಸಬಲದಿಂದ ಮೊದಲು ಕೆಳಗೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ತಲೆಯೆತ್ತಿದರು.

‘ದೊರೆ ಎಲ್ಲಿ?’

‘ಮನೇಲಿ ಮಲಗಿದಾನೆ. ಚೆನ್ನಾಗಿದಾನೆ.’

‘ಮತ್ತೆ?’

‘ಮತ್ತೇನು ಮಾಸ್ಟ್ರೇ’ ಎಂದಳು ಬನ್ನಕ್ಕ. ‘ಬಂದೆ.’

ಟೈಲರು ಬಾಗಿಲಿಂದ ಸರಿದು ದಾರಿ ಬಿಟ್ಟರು. ಏನು ಮಾಡಬೇಕೆಂದು ತೋಚದೆ ಅವಳ ಕೈಯಿಂದ ಚೀಲ ತೆಗೆದುಕೊಂಡರು, ಆಮೇಲೆ ಆ ಕೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಕ್ಕ ಒಳಗಿನಿಂದ ‘ಯಾರೋ ಅದು?’ ಎಂದು ಕೂಗಿದಳು. ‘ಬನ್ನಕ್ಕ’ ಎಂದರೇ ಹೊರತು ಕೈ ಬಿಡಲಿಲ್ಲ. ಸಂಜೆಯ ಬಸ್ಸು ಒಂದನ್ನು ಬಿಟ್ಟು ಬನ್ನಕ್ಕ ಇನ್ನೊಂದನ್ನು ಹತ್ತಿದಳು.

ಮನೆ ತಲುಪಿದಾಗ ದೊರೆ ಮಲಗಿದ್ದಲ್ಲೇ ತಲೆ ಎತ್ತಿದ. ಅವಳು ಪಕ್ಕದಲ್ಲಿ ಕೂತು, ಟೈಲರು ಹಿಡಿದಿದ್ದ ಕೈಯನ್ನು ಚಾಚಿದಳು. ಅವನು ಅಂಗೈ, ಬೆರಳ ಸಂದಿ, ಮಣಿಕಟ್ಟು ಎಲ್ಲವನ್ನೂ ಬಿಡದೆ ಮೂಸಿದ. ಬಾಲ ನೆಲಕ್ಕೆ ಬಡಿಯತೊಡಗಿತು; ಬಾಗಿಲ ಕಡೆ ನೋಡಿದ, ಮತ್ತೆ ಮೂಸಿದ.

ಅವನು ಮೂಸಿ ಮುಗಿಸುವವರೆಗೂ ಬನ್ನಕ್ಕ ಕಾದಳು. ಆಮೇಲೆ ಅದೇ ಕೈಯನ್ನು ತನ್ನ ಮುಖಕ್ಕೆ ಒತ್ತಿಕೊಂಡು, ಕಣ್ಣುಮುಚ್ಚಿ, ಉಸಿರನ್ನು ಆಳವಾಗಿ ಎಳೆದುಕೊಂಡಳು. ಏನೂ ಬರಲಿಲ್ಲ. ಮತ್ತೊಮ್ಮೆ ಎಳೆದುಕೊಂಡಳು.