ಡ್ರೈವರನ ಎಲೆ

ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಫ್ರಿಜ್ಜಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ಇದೆ. ಕವುಚಿ ಇಟ್ಟಿದ್ದೇನೆ. ಎರಡು ವಾರದ ಹಿಂದೆ ಮೇಲಿನ ಮಹಡಿಯ ನಳಿನಿಬೆನ್ ತಂದುಕೊಟ್ಟದ್ದು. ರಜೆಗೆ ಹೋಗಿ ಬಂದವರು ನೆರೆಮನೆಗೆ ಏನಾದರೂ ತರುವುದು ಸಯನ್‌ನ ನಮ್ಮ ಬಿಲ್ಡಿಂಗಿನ ರೂಢಿ. ಲೋನಾವಳಕ್ಕೆ ಹೋದವರು ಚಿಕ್ಕಿ ತರುತ್ತಾರೆ. ನಾನು ಊರಿಗೆ ಹೋದರೆ ಹಲಸಿನ ಹಪ್ಪಳ ತಂದು ಮನೆಮನೆಗೂ ಹಂಚಿ, ಅದನ್ನು ಹೇಗೆ ಕರಿಯಬೇಕೆಂದು ಬೇಡವೆಂದರೂ ಒಂದು ಭಾಷಣ ಕೊಟ್ಟು ಬರುತ್ತೇನೆ. ಹಾಗಾಗಿ ಪೊಟ್ಟಣವನ್ನು ಸಂತೋಷದಿಂದಲೇ ಬಿಚ್ಚಿದೆ. ಮ್ಯಾಗ್ನೆಟ್ಟಿನಲ್ಲಿ ಬಿಳಿ ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಸೌಟು ಹಿಡಿದು, ಹಲ್ಲೆಲ್ಲ ತೋರಿಸಿ ನಗುತ್ತಿದ್ದವರು ನನ್ನ ಸೋದರಮಾವ ಭುಜಂಗಣ್ಣ.

“ನಿಮ್ಮ ಉಡುಪಿವಾಲೇ ಅಲ್ವಾ? ಪೆಹಚಾನಾ? ಗುರುತು ಸಿಕ್ಕಿತಾ?” ಎಂದು ನಳಿನಿಬೆನ್ ಕೇಳಿದರು. ತಾವು ಹೋಗಿದ್ದ ಕರ್ಜತ್‌ನ ರೆಸಾರ್ಟನ್ನು ಅವರು ತಮ್ಮಷ್ಟಕ್ಕೆ ಹೊಗಳುತ್ತ ಹೋದರು. ಎಷ್ಟು ಸ್ವಚ್ಛ, ಎಷ್ಟು ಒಳ್ಳೆಯ ಊಟ, ಎಷ್ಟು ಶಿಸ್ತು! ಡ್ರೈವರುಗಳನ್ನೆಲ್ಲ ಗೇಟಿನ ಹೊರಗೇ ಇಡುತ್ತಾರಂತೆ, ಒಳಗೆ ಗಲಾಟೆಯೇ ಇಲ್ಲವಂತೆ.

ಡ್ರೈವರುಗಳು ಗೇಟಿನ ಹೊರಗೆ! ಅದೂ ನನ್ನ ಮಾವನ ಮುಖದ ಕೆಳಗೆ! ನನ್ನ ಮೈ ಉರಿದುಹೋಯಿತು. ಯಾಕೆಂದು ನಿಮಗೆ ತಿಳಿಯಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು, ನೀವೂ ಜೊತೆಗೆ ಬರಬೇಕು.

ಮಾವ ಮುಂಬೈಗೆ ಬಂದು ಮೊದಲು ಸೇರಿದ್ದು ಭಾಂಡುಪ್‌ನ ಒಂದು ಕಾರ್ಖಾನೆಯ ಕ್ಯಾಂಟೀನಿಗೆ. ಈಗ ಆ ಜಾಗದಲ್ಲಿ ಕತ್ತೆತ್ತಿ ನೋಡಬೇಕಾದ ಟವರುಗಳಿವೆ. ಆಗ ಅಲ್ಲಿ ಸಾಹೇಬರಿಗೆ ಫ್ಯಾನು ಇರುವ ಹಾಲ್, ಕೆಲಸಗಾರರಿಗೆ ಉದ್ದನೆಯ ಬೆಂಚು. ಸಾಹೇಬರನ್ನು ಕಾರಿನಲ್ಲಿ ಕರೆತರುವ ಡ್ರೈವರುಗಳು ಮಾತ್ರ ಎರಡಕ್ಕೂ ಸೇರಿದವರಲ್ಲ. ಅವರು ಹಿಂಬದಿಯ ಗೋಡೆಗೆ ಒರಗಿ ನಿಂತು, ಒಳಗೆ ಉಳಿದದ್ದನ್ನು ತಿನ್ನಬೇಕು. ಅದನ್ನು ಬಡಿಸುವ ಕೆಲಸ ಮಾವನದು. “ಬೇರೆ ಎಂತ ಬೇಕಾದ್ರೂ ಮಾಡಬಹುದು ಮಾರಾಯ್ತಿ, ನಿಂತವನ ತಟ್ಟೆಗೆ ಉಳಿದದ್ದು ಹಾಕುವ ಕೆಲಸ ಮಾತ್ರ ಬೇಡ. ಕೊಟ್ಟವನಿಗೂ ಹೊಟ್ಟೆ ತುಂಬುವುದಿಲ್ಲ” ಎಂದು ಅವರು ಆಗಾಗ ಹೇಳುತ್ತಿದ್ದರು.

ಕಾರ್ಖಾನೆ ಮುಚ್ಚಿದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಹೋಟೆಲು ನಡೆಸಿ, ಕೊನೆಗೆ ಕರ್ಜತ್‌ನಿಂದಾಚೆ, ಗುಡ್ಡದ ಬುಡದಲ್ಲಿ ಒಂದಿಷ್ಟು ಜಾಗ ಮಾಡಿದರು. ನಾವೆಲ್ಲ ತಲೆ ಚಚ್ಚಿಕೊಂಡೆವು. ಅಲ್ಲಿ ಇದ್ದದ್ದು ಕಲ್ಲು, ಹುಲ್ಲು ಮತ್ತು ಹಾವು. ಮಾವ ಕೈಗೆ ಸ್ವಲ್ಪ ದುಡ್ಡು ಬಂದಾಗೆಲ್ಲ ಒಂದೊಂದು ಕಾಟೇಜು ಕಟ್ಟಿದರು. ಯಾವುದೂ ಇನ್ನೊಂದರ ಹಾಗಿರಲಿಲ್ಲ. ಒಂದಕ್ಕೆ ಹಂಚು, ಒಂದಕ್ಕೆ ತಗಡು, ಒಂದರ ಬಾಗಿಲು ಎಷ್ಟು ಗಿಡ್ಡವೆಂದರೆ ಎತ್ತರದವರು ತಲೆಬಾಗಿಯೇ ಒಳಗೆ ಹೋಗಬೇಕು. ಹಿಂದೆ ಬಾಳೆ ಹಾಕಿದರು. ಅಡಿಗೆ ಅತ್ತೆಯದು. ನೀರುದೋಸೆ, ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ. ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಊಟ, ಹೆಸರು ಕೇಳುವುದು ಅದರ ನಂತರ. ಮುಂಬೈಯವರು ಹುಡುಕಿಕೊಂಡು ಬರತೊಡಗಿದರು.

ಅಲ್ಲಿಯ ಊಟಕ್ಕೆ ಒಂದೇ ನಿಯಮ. ಗಂಟೆ ಹೊಡೆದಾಗ ಎಲ್ಲರಿಗೂ ಒಂದೇ ಪಂಕ್ತಿ. ಎಲೆ ಹಾಕುವಾಗ ಮಾವ ಮೊದಲು ಕೂಗುತ್ತಿದ್ದದ್ದು, “ಡ್ರೈವರ್ ಕೆ ಲಿಯೇ ಪತ್ತಾ ಡಾಲಾ ಕ್ಯಾ?” ಡ್ರೈವರಿಗೆ ಎಲೆ ಹಾಕಿದಿರಾ ಎಂದು. ಸೇಠ್‌ಗಳ ಪಕ್ಕದಲ್ಲಿ ಅವರ ಡ್ರೈವರುಗಳು ಮೊಣಕೈ ಮುದುಡಿಕೊಂಡು ಕೂರುತ್ತಿದ್ದರು. ಎರಡನೆಯ ದಿನಕ್ಕೆ ಮೊಣಕೈ ಸಡಿಲವಾಗುತ್ತಿತ್ತು. ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಇದು ತಮಗೆ ಆಗುವುದಿಲ್ಲ ಎಂದರು. ಮಾವ ಜಗಳ ಆಡಲಿಲ್ಲ. “ಆಯ್ತು ಸರ್, ನಿಮ್ಮ ಕೋಣೆಗೇ ಕಳಿಸ್ತೇನೆ” ಎಂದು ಬಲು ಮರ್ಯಾದೆಯಿಂದ ಕಳಿಸಿದರು. ಅಡಿಗೆಮನೆಯಿಂದ ಆ ಕಾಟೇಜಿಗೆ ದೊಡ್ಡ ಏರು. ಸಾರು ತಣ್ಣಗಾಗಿ, ದೋಸೆ ಚರ್ಮದ ಹಾಗಾಗಿ ತಲುಪಿತು. ಅತ್ತ ಪಂಕ್ತಿಯಲ್ಲಿ ನಗೆ, ಇತ್ತ ಇವರೊಬ್ಬರೇ. ಮರುದಿನ ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಬಂದು ಕೂತವರು ಅವರೇ.

ಇಂಥದ್ದನ್ನು ಮಾರಬೇಕಾಗಿ ಬಂತು. ಮಾವನ ಮೊಣಕಾಲು ಏರು ಹತ್ತಲಾರೆ ಎಂದಿತು, ಅತ್ತೆಗೆ ಒಲೆಯ ಮುಂದೆ ಉಸಿರು ಕಟ್ಟತೊಡಗಿತು. ಬರೀ ಜಾಗ ಕೊಡುವುದಾದರೆ ಬಿಲ್ಡರುಗಳು ಸಾಲಾಗಿ ನಿಂತಿದ್ದರು, ದುಡ್ಡೂ ಹೆಚ್ಚು ಸಿಗುತ್ತಿತ್ತು. ಮಾವ ಒಪ್ಪಲಿಲ್ಲ. ನಡೆಯುವ ಹೋಟೆಲನ್ನು ನಡೆಯುತ್ತಿರುವಾಗಲೇ ಕೈ ಬದಲಾಯಿಸುವುದು ನಮ್ಮ ಹೋಟೆಲಿನವರಿಗೆ ಹೊಸತಲ್ಲ. ಒಲೆ ಒಂದು ದಿನವೂ ಆರಬಾರದು, ಗಿರಾಕಿಗೆ ಗಲ್ಲಾಪೆಟ್ಟಿಗೆಯ ಹಿಂದಿನ ಮುಖ ಬದಲಾದದ್ದು ಬಿಟ್ಟರೆ ಮತ್ತೇನೂ ತಿಳಿಯಬಾರದು. “ಚಾಲೂ ಧಂದೆಯಾಗಿಯೇ ಕೊಡುವುದು. ಎಲೆ ಬೀಳ್ತಾ ಇರ್ಬೇಕು” ಎಂದರು.

ಕೊಳ್ಳಲು ಬಂದದ್ದು ಒಂದು ಕಂಪನಿ. ಕುರ್ಲಾದ ಹತ್ತಿರ ಗಾಜಿನ ಬಿಲ್ಡಿಂಗಿನಲ್ಲಿ ಅದರ ಆಫೀಸು. ಮಾವ ನನ್ನನ್ನು ಇಂಗ್ಲಿಷಿಗೆಂದು ಕರೆದುಕೊಂಡು ಹೋದರು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂದಲು ಹಣ್ಣಾದವಳು ನಾನು, ನನ್ನ ಇಂಗ್ಲಿಷಿನ ಬಗ್ಗೆ ನಮ್ಮ ಕುಟುಂಬದಲ್ಲಿ ಇರುವಷ್ಟು ಗೌರವ ಬೇರೆಲ್ಲೂ ಇಲ್ಲ. ಆದರೆ ಅಲ್ಲಿಯ ತರುಣ ಆಡಿದ ಇಂಗ್ಲಿಷು ನನಗೂ ಹೊಸತು. ಅವನ ಪ್ರಕಾರ ಮಾವ ಮಾರುತ್ತಿದ್ದದ್ದು ಕಾಟೇಜುಗಳನ್ನಲ್ಲ, ‘ಅನುಭವ’ವನ್ನು. ಬೆಲ್ಲ ನೀರು ಒಂದು ಅನುಭವ. ಮಾವಿನ ಮರದ ಉಯ್ಯಾಲೆ ಒಂದು ಅನುಭವ. ಮಳೆಗಾಲದ ಕಪ್ಪೆಗಳ ಕೂಗನ್ನೂ ಅವನು ಕರಾರಿನಲ್ಲಿ ಹಾಕಿದ್ದನೋ ಏನೋ. ಎಲ್ಲಕ್ಕಿಂತ ದೊಡ್ಡ ಅನುಭವ ಮಾವನೇ ಅಂತೆ. ಆದ್ದರಿಂದ ಹೆಸರು ಮತ್ತು ಮುಖ ಎರಡೂ ಕಂಪನಿಗೆ ಸೇರಬೇಕು.

“ಮುಖ ಯಾಕೆ ಬೇಕು ಅಂತ ಕೇಳಲಾ ಮಾವ?” ಎಂದೆ ನಾನು.

“ತಕೊಳ್ಳಲಿ ಬಿಡು. ಈ ಮುಖ ತಕೊಂಡು ಎಂತ, ಉಪ್ಪಿನಕಾಯಿ ಹಾಕ್ತಾರಾ?” ಎಂದು ಮಾವ ನಕ್ಕರು.

ಮಾವನದು ಒಂದೇ ಶರತ್ತು, ಡ್ರೈವರುಗಳ ಎಲೆ ನಿಲ್ಲಬಾರದು. ಅದನ್ನು ಕರಾರಿನಲ್ಲಿ ಬರೆಸೋಣ ಎಂದು ನಾನು ಹಟ ಹಿಡಿದೆ. ಮಾವ ನನ್ನನ್ನೇ ಗದರಿದರು. “ಊಟದ ಮಾತನ್ನು ಬರೆಸಿಕೊಳ್ಳುವುದುಂಟಾ? ಆ ಹುಡುಗನಿಗೆ ಅವಮಾನ ಆಗ್ತದೆ. ಎಲೆಯ ಮುಂದೆ ಕೇಳುವ, ಅಷ್ಟು ಸಾಕು.”

ಈ ತಪ್ಪನ್ನು ನಮ್ಮ ಹೋಟೆಲಿನವರಲ್ಲದೆ ಬೇರೆ ಯಾರೂ ಮಾಡಲಿಕ್ಕಿಲ್ಲ. ಹೋಟೆಲು ಕೈ ಬದಲಾಗುವ ದಿನ ಕೊಟ್ಟವನೂ ಕೊಂಡವನೂ ಒಟ್ಟಿಗೆ ಊಟ ಮಾಡುವುದು ಅವರ ಪೈಕಿ ಪದ್ಧತಿ. ಹೊಸ ಯಜಮಾನ ಹಳೆಯ ಯಜಮಾನನ ಎಲೆಗೆ ಮೊದಲ ಸೌಟು ಬಡಿಸುತ್ತಾನೆ. ಆಗ ಆಡಿದ ಮಾತು ಆಡಿದ ಹಾಗೆಯೇ ನಡೆಯಬೇಕು. ಅದಕ್ಕೆ ಸಹಿ ಬೇಡ, ಸಾಕ್ಷಿ ಬೇಡ. ಗುಡ್ಡದ ಬುಡದಲ್ಲಿ ಆ ದಿನ ಕಂಪನಿಯ ತರುಣ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಮಾವನಿಗೆ ಅನ್ನ ಬಡಿಸಿದ. ಅತ್ತೆ ಅದರ ಫೋಟೋ ತೆಗೆಸಿದರು. ಊಟದ ನಡುವೆ ಮಾವ ಕೇಳಿದರು, “ಡ್ರೈವರ್ ಲೋಗೋಂಕಾ ಪತ್ತಾ ಚಾಲೂ ರಹೇಗಾ ನಾ?” ಅವನು ಬಾಯಿ ತುಂಬ ಪಾಯಸ ಇಟ್ಟುಕೊಂಡು, “ಬಿಲ್ಕುಲ್ ಅಣ್ಣಾ, ಬಿಲ್ಕುಲ್” ಎಂದ. ಮಾವನಿಗೆ ಅಷ್ಟು ಸಾಕಾಯಿತು. ನೆಮ್ಮದಿಯಿಂದ ಮಜ್ಜಿಗೆ ಹಾಕಿಸಿಕೊಂಡರು. ಮರುವಾರ ಭಾಂಡುಪ್‌ನ ಫ್ಲ್ಯಾಟಿಗೆ ಬಂದುಬಿಟ್ಟರು.

ಈಗ ಮ್ಯಾಗ್ನೆಟ್ಟಿಗೆ ಬರೋಣ. ನಳಿನಿಬೆನ್ ಹೋದ ಮೇಲೆ ನಾನು ನೆಟ್ಟಗೆ ಕೆಳಗಿಳಿದು ಅವರ ಡ್ರೈವರ್ ಮಲ್ಲಪ್ಪನನ್ನು ಹಿಡಿದೆ. ವಿಜಯಪುರದ ಕಡೆಯವನು, ಕುರ್ಲಾದ ಚಾಳಿನಲ್ಲಿ ಸಂಸಾರ. ಕರ್ಜತ್‌ನಲ್ಲಿ ಎಲ್ಲಿ ಊಟ ಮಾಡಿದೆ ಎಂದು ಕೇಳಿದೆ.

“ಊಟ ಎಲ್ಲೀದ್ರೀ ಅಕ್ಕಾರ? ನಮ್ಮನ್ನ ಒಳಗ ಬಿಡಂಗಿಲ್ರಿ. ಗೇಟಿನ ಹೊರಗ ಗಾಡ್ಯಾಗ ಕುಂದರಬೇಕು. ರೋಡಿಗೆ ಹೋಗಿ ವಡಾಪಾವ್ ತಿಂದು ಬಂದ್ನಿ. ನೀರು ಕೇಳಿದ್ರ ಬಾಟ್ಲಿ ತಗೋ ಅಂದ್ರು” ಎಂದ. ಅವನಿಗೆ ಸಿಟ್ಟೂ ಇರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮಾವನಿಗೆ ಹೇಳಬಾರದು ಎಂದು ನಿಶ್ಚಯಿಸಿದೆ. ನನ್ನ ನಿಶ್ಚಯಗಳ ಆಯುಸ್ಸು ನಿಮಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಲೋಕಲ್ ಹಿಡಿದು ಭಾಂಡುಪ್‌ಗೆ ಹೋಗಿ ಎಲ್ಲವನ್ನೂ ಹೇಳಿ, ಮ್ಯಾಗ್ನೆಟ್ಟನ್ನೂ ತೋರಿಸಿದೆ. ಮಾವ ಮ್ಯಾಗ್ನೆಟ್ಟನ್ನು ಸರಿಯಾಗಿ ನೋಡಲೂ ಇಲ್ಲ. “ಹಾಗಿರ್ಲಿಕ್ಕಿಲ್ಲ. ಆ ಹುಡುಗ ಎಲೆಯ ಮುಂದೆ ಮಾತು ಕೊಟ್ಟಿದ್ದಾನೆ. ಹೋಗಿ ನೋಡುವ” ಎಂದರು.

ರವಿವಾರ ಮಲ್ಲಪ್ಪನಿಗೆ ರಜೆ. ಅವತ್ತು ಅವನು ಭಾವನ ಟ್ಯಾಕ್ಸಿ ಓಡಿಸುತ್ತಾನೆ. ಅದರಲ್ಲೇ ಹೋದೆವು. ಗೇಟಿನಲ್ಲಿ ಕಾವಲಿನವನು ಟ್ಯಾಕ್ಸಿಯನ್ನು ಹೊರಗೇ ತಡೆದ. ಮಾವ ನನ್ನ ತೋಳು ಹಿಡಿದು ತಾವೇ ಕಡಿಸಿದ ದಾರಿಯಲ್ಲಿ ಕುಂಟುತ್ತ ಹತ್ತಿದರು. ಪಂಕ್ತಿ ಇದ್ದ ಚಪ್ಪರ ಈಗ ಗಾಜು ಹಾಕಿದ ಹಾಲ್. ಗೋಡೆಯ ತುಂಬ ಮಾವನ ಮುಖ, ಕೂದಲಿಗೆ ಕಪ್ಪು ಬಳಿದು, ಹಲ್ಲು ಬೆಳ್ಳಗೆ ಮಾಡಿದ್ದಾರೆ. ಅದರ ಕೆಳಗೆ ನರೆತ ತಲೆಯ ಮಾವ ನಿಂತರೆ ಯಾರೂ ತಿರುಗಿ ನೋಡಲಿಲ್ಲ. ಬೆಲ್ಲ ನೀರು ಬಂತು, ಪ್ಲಾಸ್ಟಿಕ್ ಲೋಟದಲ್ಲಿ, ಅಂಚಿಗೆ ಒಂದು ಕಾಗದದ ಕೊಡೆ ಸಿಕ್ಕಿಸಿ. ಎಲೆಯ ಆಕಾರಕ್ಕೆ ಕತ್ತರಿಸಿದ ರಟ್ಟಿನ ತಟ್ಟೆಯಲ್ಲಿ ಊಟ ಬಂತು. ಹಿಂದೆ ಬಾಳೆಗಿಡ ಹಾಗೆಯೇ ಇತ್ತು, ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮಾವ ಮ್ಯಾನೇಜರನ್ನು ಕರೆದು, ನಮ್ಮ ಡ್ರೈವರನನ್ನೂ ಊಟಕ್ಕೆ ಕರೆಯಿರಿ ಎಂದರು. ಅವನು ಬಹಳ ವಿನಯದಿಂದ ಹೇಳಿದ, “ಸಾರಿ ಅಂಕಲ್, ಡ್ರೈವರ್ ಅಲೌಡ್ ನಹೀ. ಭುಜಂಗ್ ಅಣ್ಣಾ ಕಾ ರೂಲ್ ಹೈ.”

“ಭುಜಂಗಣ್ಣ ಬೋಲಾ?” ಎಂದು ಕೇಳಿದರು ಮಾವ.

“ಹಾಂ ಅಂಕಲ್, ಶುರೂ ಸೇ” ಎಂದು ಅವನು ಗೋಡೆಯ ಮುಖದ ಕಡೆ ಕೈ ತೋರಿಸಿದ.

ಮೊದಲಿನಿಂದಲೂ ಅಂತೆ! ಎಲೆ ನಿಲ್ಲಿಸಿದ್ದು ಒಂದು ಅನ್ಯಾಯ. ನಿಲ್ಲಿಸಿದವರು ಮಾವನೇ ಎಂದು ಅವರ ತಲೆಗೇ ಕಟ್ಟುವುದು ಇನ್ನೆಂಥ ಅನ್ಯಾಯ ಹೇಳಿ! ಕಳ್ಳ ಮನೆಗೆ ನುಗ್ಗಿದರೆ ಸಾಮಾನು ಒಯ್ಯುತ್ತಾನೆ. ಈ ಕಂಪನಿಯವರು ಮನುಷ್ಯನ ಒಳ್ಳೆಯತನವನ್ನು ದುಡ್ಡು ಕೊಟ್ಟು ಕೊಂಡು, ಅದನ್ನು ಕಸಕ್ಕೆಸೆದು, ಅವನ ನಗುವನ್ನು ಮಾತ್ರ ಗೋಡೆಗೆ ಹೊಡೆದಿದ್ದಾರೆ. ನಾನು ಕಿರುಚಲು ಎದ್ದೆ. ಮಾವ ನನ್ನ ಕೈ ಅದುಮಿದರು. ತಮ್ಮ ರಟ್ಟಿನ ತಟ್ಟೆ ಎತ್ತಿಕೊಂಡು ಕುಂಟುತ್ತ ಗೇಟಿನ ಹೊರಗೆ ನಡೆದರು. ನಾನೂ ನನ್ನ ತಟ್ಟೆ ಹಿಡಿದು ಹಿಂದೆಯೇ ಹೋದೆ. ಟ್ಯಾಕ್ಸಿಯ ನೆರಳಲ್ಲಿ, ನೆಲದ ಮೇಲೆ, ಮಲ್ಲಪ್ಪನ ಪಕ್ಕ ಮಾವ ಕೂತುಬಿಟ್ಟರು.

“ಯಜಮಾನ್ರ, ಬ್ಯಾಡ್ರಿ, ಏಳ್ರಿ. ನನಗ ಬ್ಯಾರೆ ಕಡೆ ಊಟ ಸಿಗತೈತ್ರಿ” ಎಂದು ಮಲ್ಲಪ್ಪ ಗಾಬರಿಯಾದ.

“ಸಿಗ್ತದೆ, ಗೊತ್ತುಂಟು. ಇಲ್ಲಿ ಸಿಗಬೇಕಿತ್ತು” ಎಂದರು ಮಾವ. ಎರಡು ತಟ್ಟೆಯಲ್ಲಿ ಮೂವರೂ ಉಂಡೆವು. ಸಾರು ಚೆನ್ನಾಗಿರಲಿಲ್ಲ. ಕೂತದ್ದೇನೋ ಆಯಿತು, ಆ ಮೊಣಕಾಲನ್ನು ಎಬ್ಬಿಸಲು ಮಲ್ಲಪ್ಪ ಮತ್ತು ನಾನು ಇಬ್ಬರೂ ಬೇಕಾಯಿತು.

ಮಾವನೇನೋ ಸುಮ್ಮನಿದ್ದರು, ನನ್ನಿಂದ ಆಗಲಿಲ್ಲ. ತಟ್ಟೆ ಬಿಸಾಡುವ ನೆವದಲ್ಲಿ ಒಳಗೆ ಹೋಗಿ ಆ ಮ್ಯಾನೇಜರಿಗೆ ಹೇಳಿಯೇಬಿಟ್ಟೆ, ಹೊರಗೆ ನೆಲದ ಮೇಲೆ ಕೂತು ಉಂಡವರೇ ನಿಮ್ಮ ಭುಜಂಗಣ್ಣ ಎಂದು. ಅವನು ನಾಚಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಓಡಿ ಬಂದ, ಮೊಬೈಲು ಹಿಡಿದುಕೊಂಡು. “ಅಣ್ಣಾ, ಏಕ್ ಸೆಲ್ಫೀ!”

ಮಾವ ಟ್ಯಾಕ್ಸಿಯ ಕಿಟಕಿ ಏರಿಸುತ್ತ, ಕನ್ನಡದಲ್ಲೇ, ಅವನಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯದ ಹಾಗೆ ಹೇಳಿದರು. “ಆ ಗೋಡೆಯಲ್ಲಿ ಉಂಟಲ್ಲ, ಅವನ ಗುರ್ತ ನನಗಿಲ್ಲ.” ಭಾಂಡುಪ್‌ಗೆ ಮರಳುವ ದಾರಿಯಲ್ಲಿ, ಕಾರ್ಖಾನೆ ಮುಚ್ಚಿದಾಗಲೂ ಅಳದ ಮನುಷ್ಯ ಕಣ್ಣು ಒರೆಸಿಕೊಳ್ಳುವುದನ್ನು ನಾನು ನೋಡಿದೆ. ಇದನ್ನು ಆ ಕಂಪನಿಗೆ ನಾನು ಎಂದಿಗೂ ಕ್ಷಮಿಸುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿ, ಮ್ಯಾಗ್ನೆಟ್ಟು ತೆಗೆದುಕೊಂಡು ಮೇಲಿನ ಮಹಡಿಗೆ ಹೋಗಿ ಬಂದೆ. ನಳಿನಿಬೆನ್ ಕೈಗೆ ಅದನ್ನು ವಾಪಸು ಕೊಟ್ಟು ಹೇಳಿದೆ: ಗುರುತುಂಟಾ ಎಂದು ಕೇಳಿದಿರಲ್ಲ, ಇವನು ಯಾರೋ ನಮಗೆ ಗೊತ್ತಿಲ್ಲ. ನಮ್ಮ ಭುಜಂಗಣ್ಣ ಭಾಂಡುಪ್‌ನಲ್ಲಿದ್ದಾರೆ. ಈ ರವಿವಾರ ಅವರ ಮನೆಗೆ ಊಟಕ್ಕೆ ಬನ್ನಿ, ಮಲ್ಲಪ್ಪನನ್ನೂ ಕರೆದಿದ್ದೇನೆ.

“ಡ್ರೈವರ್ ಭೀ?” ಎಂದರು ಅವರು.

“ಪೆಹಲೇ ಡ್ರೈವರ್” ಎಂದೆ, ಮೊದಲ ಎಲೆಯೇ ಅವನದು.

ನೋಡೋಣ ಎಂದರು. ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಮಲ್ಲಪ್ಪನಂತೂ ಅವತ್ತು ಭಾವನ ಟ್ಯಾಕ್ಸಿ ಓಡಿಸುವುದಿಲ್ಲ ಎಂದು ಹೇಳಿಯಾಗಿದೆ. ಈಗಷ್ಟೇ ಅತ್ತೆಯ ಫೋನು ಬಂತು, ಸ್ಟೇಷನ್ ಹೊರಗಿನ ಮಾರ್ಕೆಟ್ಟಿನಿಂದ ಬಾಳೆಲೆ ಎಷ್ಟು ತರಲಿ ಎಂದು. ನಳಿನಿಬೆನ್ ಅವರದನ್ನೂ ಸೇರಿಸಿ ಐದು ಎಂದೆ. ಅವರ ಎಲೆಯನ್ನು ಮಲ್ಲಪ್ಪನ ಎಲೆಯ ಪಕ್ಕದಲ್ಲೇ ಹಾಕಬೇಕು ಎಂದೂ ಹೇಳಿದ್ದೇನೆ.