ಮೆಟ್ಟಿಲಿಗೆ ಅಂಟಿಸಿದ ಕಪ್ಪು ಪಟ್ಟಿ

ನನ್ನ ಅಕ್ಕ ಹಿಡಿದ ಕೆಲಸ ಬಿಡುವವಳಲ್ಲ. ಹಿಡಿದರೆ ಉಡದ ಪಟ್ಟು. ಮದುವೆಯಾದ ಹೊಸದರಲ್ಲೇ ಗಂಡನ ಹಿಂದೆ ಕಟ್ಟಡದ ಕೆಲಸಕ್ಕೆ ಹೊರಟವಳು, ತಲೆಯ ಮೇಲೆ ಗಾರೆ ಬಾಣಲಿ ಹೊತ್ತು ಅರ್ಧ ಆಯಸ್ಸು ಕಳೆದಳು. ಆಳು ಕುಳ್ಳಿ, ಬಾಯಿ ಮಾತ್ರ ಜೋರು. ಗೋಡೆ ಒಂದೆಳೆ ಸೊಟ್ಟಗಾದರೂ ಕೆಳಗಿನಿಂದಲೇ ಕೂಗಿ ಹೇಳುತ್ತಿದ್ದಳು. ಮೇಸ್ತ್ರಿಯಾಗಿದ್ದ ನಮ್ಮ ಭಾವ ಹೆದರುತ್ತಿದ್ದದ್ದು ಅವಳೊಬ್ಬಳಿಗೇ.

ಊರವರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಲೆ ಕೊನೆಗೂ ಅವರದೇ ಒಂದಾಯಿತು. ಕೆಳಗೆ ಬಾಡಿಗೆಯ ಅಂಗಡಿ, ಮೇಲೆ ಎರಡು ಕೋಣೆ, ಬೀದಿಯ ಬದಿಗೆ ಹೊರಮೆಟ್ಟಿಲು. ಪಕ್ಕದ ಮನೆ ನನ್ನದು. ಅವರ ಪಿಸುಮಾತೂ ನನ್ನ ಕಿವಿಗೆ ಬೀಳುತ್ತಿತ್ತು, ಜಗಳವಂತೂ ಕೇಳುವುದೇ ಬೇಡ.

ವಯಸ್ಸಾದಂತೆ ಭಾವನಿಗೆ ಮರೆವಿನ ಕಾಯಿಲೆ ಹತ್ತಿಕೊಂಡಿತು. ಮೊದಲು ಚಪ್ಪಲಿ ಮರೆತರು, ಆಮೇಲೆ ದಾರಿ, ಆಮೇಲೆ ಹೆಂಡತಿಯನ್ನೇ. ಮನೆಗೆ ಯಾರೋ ಬಂದು ಕೂತಿದ್ದಾರೆ ಎಂಬಂತೆ ದಿನವಿಡೀ ಅಕ್ಕನನ್ನು ನೋಡುತ್ತಿದ್ದರು. ಆದರೆ ಸಂಜೆ ಬಿಸಿಲು ಇಳಿದ ಹೊತ್ತಿಗೆ ಗೋಡೆ ಹಿಡಿದು ಇಳಿದುಬಂದು ಕೆಳಗಿನ ಮೆಟ್ಟಿಲಲ್ಲಿ ಕೂತರೆ, ಅದೇನಾಗುತ್ತಿತ್ತೋ, ಪಕ್ಕದ ಜಾಗ ತಟ್ಟಿ "ಬಾರೇ ಕುಳ್ಳಿ, ಕೂತ್ಕೋ" ಅನ್ನುತ್ತಿದ್ದರು. ಹಳೇ ಕೆಲಸದ ಕಥೆಗಳೆಲ್ಲ ಸರಿಯಾಗಿ ಬಾಯಿಗೆ ಬರುತ್ತಿದ್ದವು. ಕತ್ತಲಾದರೆ ಮತ್ತೆ ಏನೂ ಇಲ್ಲ. ಆ ಒಂದು ಗಳಿಗೆಗೆ ಅಕ್ಕ ಮಧ್ಯಾಹ್ನವೇ ತಲೆ ಬಾಚಿಕೊಂಡು ಕೂರುತ್ತಿದ್ದಳು. ಹೊಸ ಮದುಮಗಳು ಅಂತ ನಾನು ರೇಗಿಸಿದರೆ, "ಅದೊಂದು ಹೊತ್ತು ಇದೆ ಅಂತ ಬದುಕಿದೀನಿ ಕಣೇ" ಅಂದಳು.

ಮಳೆಗಾಲ ಶುರುವಾಯಿತು. ಒಂದು ಸಂಜೆ ತುಂತುರಿನಲ್ಲಿ ಭಾವ ಮೆಟ್ಟಿಲಲ್ಲಿ ಜಾರಿ ಧೊಪ್ಪನೆ ಕೂತರು. ಮೊಣಕೈ ತರಚಿತು ಅಷ್ಟೇ, ಆದರೆ ಅಕ್ಕನ ಜೀವ ಬಾಯಿಗೆ ಬಂದಿತ್ತು. ಹಾರ್ಡ್‌ವೇರ್ ಅಂಗಡಿಯವನು ಜಾರದ ಟೇಪು ಅಂತ ಒಂದು ಸುರುಳಿ ಕೊಟ್ಟ. ಮೇಲೆ ಉಪ್ಪುಕಾಗದದ ಹಾಗೆ ತರಿತರಿ, ಕೆಳಗೆ ಗಟ್ಟಿ ಅಂಟು, ಬಣ್ಣ ಕಡುಗಪ್ಪು.

ಅಕ್ಕ ಬಿಡುತ್ತಾಳೆಯೇ? ತಂತಿ ಬ್ರಷ್ಷಿನಲ್ಲಿ ಪಾಚಿ ಉಜ್ಜಿ ತೊಳೆದು, ಮಳೆ ಬಿಡುವು ಕೊಟ್ಟ ದಿನ ಚೆನ್ನಾಗಿ ಒಣಗಲು ಬಿಟ್ಟಳು. ತುದಿ ಮೇಲೇಳಬಾರದೆಂದು ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿದಳು. ಪ್ರತಿ ಮೆಟ್ಟಿಲ ಅಂಚಿಗೂ ಅಂಟಿಸಿ, ಗಾಳಿಗುಳ್ಳೆ ಉಳಿಯದಂತೆ ಲಟ್ಟಣಿಗೆ ಉರುಳಿಸಿ ಒತ್ತಿದಳು. ಒದ್ದೆಗಾಲಲ್ಲಿ ನಾನೇ ಹತ್ತಿಳಿದು ನೋಡಿದೆ, ಒಂಚೂರೂ ಜಾರಲಿಲ್ಲ. ಅರಮನೆ ಕಟ್ಟಿದವಳ ಹಾಗೆ ಬೀಗಿದಳು ನಮ್ಮಕ್ಕ.

ಮಾರನೇ ಸಂಜೆ ಭಾವ ಬಾಗಿಲ ತನಕ ಬಂದರು. ಕಾಲು ಚಾಚಿದವರು ಹಿಂದಕ್ಕೆ ಎಳೆದುಕೊಂಡರು. ಅಕ್ಕ ಕರೆದಳು, ಕೈ ಹಿಡಿದಳು, ಗದರಿದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಅವತ್ತಿನಿಂದ ದಿನಾ ಇದೇ ಆಯಿತು. ಕಾಯಿಲೆ ಹೆಚ್ಚಾಗಿದೆ, ಇನ್ನು ಹೀಗೇ ಅಂದರು ಡಾಕ್ಟರು. ನಾವೂ ನಂಬಿದೆವು. ಮಳೆಗಾಲ ಮುಗಿಯುವ ತನಕ ಭಾವ ಕೆಳಗಿಳಿಯಲಿಲ್ಲ, ಕುಳ್ಳಿ ಅಂತ ಕರೆಯಲೂ ಇಲ್ಲ. ಅಕ್ಕ ಮಾತ್ರ ಸಂಜೆಯಾದರೆ ಕೆಳಗೆ ಒಬ್ಬಳೇ ಕೂತು ಎದ್ದು ಹೋಗುತ್ತಿದ್ದಳು. ನೋಡಲಾಗದೆ ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ನಾನು ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಭಾವ ಮೇಲಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಗಾರೆ ಮೆತ್ತುವ ಹಳೇ ಕರಣೆ. ಹೂಕುಂಡದ ಮಣ್ಣಿಗೆ ಲೋಟದ ನೀರು ಹಾಕಿ ಕಲಸಿ, ಮೇಲಿನ ಮೆಟ್ಟಿಲ ಕಪ್ಪು ಪಟ್ಟಿಯ ಮೇಲೆ ನೀಟಾಗಿ ಮೆತ್ತುತ್ತಿದ್ದರು. ಅಕ್ಕ ಓಡಿಬಂದು ಕೈ ಹಿಡಿದುಕೊಂಡಳು.

"ಬಿಡೀಮ್ಮ," ಅಂದರು ಭಾವ. "ಯಾರೋ ಮೆಟ್ಟಿಲೆಲ್ಲ ಒಡೆದು ಹಾಕಿದಾರೆ. ಇಷ್ಟಿಷ್ಟಗಲ ಹಳ್ಳ. ಯಾರಾದ್ರೂ ಬಿದ್ರೆ ಏನು ಗತಿ?"

ಅಕ್ಕ ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಬೂದು ಸಿಮೆಂಟಿನ ಮೇಲೆ ಉದ್ದಕ್ಕೂ ಕಪ್ಪು ಕಪ್ಪು. ಭಾವನ ಕಣ್ಣಿಗೆ ಅವೆಲ್ಲ ಹಳ್ಳ. ಇಷ್ಟು ದಿನ ಮನುಷ್ಯ ಹೆದರಿಕೊಂಡು ಮೇಲೆ ಕೂತಿದ್ದರೆ ನಮಗೆ ಹೊಳೆಯಲೇ ಇಲ್ಲ. ಕೈಯಾರೆ ಕಳೆದುಕೊಂಡೆನಲ್ಲ ಅಂತ ಅಕ್ಕ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ದುಃಖ ತಡೆಯಲಿಲ್ಲ. ಡಾಕ್ಟರಿಗೆ ಬೈದೆ, ಅಂಗಡಿಯವನಿಗೆ ಬೈದೆ, ಕಡೆಗೆ ದೇವರನ್ನೂ ಬಿಡಲಿಲ್ಲ.

ಟೇಪು ಸುಲಭಕ್ಕೆ ಬರಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದಳಲ್ಲ ಮಹಾರಾಯಿತಿ! ಬಿಸಿನೀರು ಸುರಿದು, ಚಾಕುವಿನಲ್ಲಿ ಎಬ್ಬಿಸಿ, ಉಳಿದ ಅಂಟಿಗೆ ಸೀಮೆಎಣ್ಣೆ ಹಾಕಿ ಉಜ್ಜಿದೆವು. ಉಗುರು ಕಿತ್ತುಬಂದರೂ ಅಕ್ಕ ನಿಲ್ಲಿಸಲಿಲ್ಲ. ಸಂಜೆಯೊಳಗೆ ಮುಗಿಯಲೇಬೇಕು ಅಂತ ಹಠ. ಮುಗಿಸಿ, ಮುಖ ತೊಳೆದು, ತಲೆ ಬಾಚಿಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತಳು.

ಭಾವ ಬಂದರು. ಮೇಲಿನ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿದರು. ಆಮೇಲೆ ಗೋಡೆ ಹಿಡಿದು ಇಳಿಯತೊಡಗಿದರು. ಬಾಗಿಲಲ್ಲಿ ನಿಂತಿದ್ದ ನಾನು ಹಿಂದೆಯೇ ಇಳಿದೆ. ಕೆಳಗೆ ಬಂದು, ಅಕ್ಕನಿಂದ ಒಂದು ಮೊಳ ದೂರ ಕೂತು, ಮೆಟ್ಟಿಲ ಅಂಚನ್ನು ಅಂಗೈಯಿಂದ ಸವರಿದರು. ಅಕ್ಕ ಅವರ ಬಾಯನ್ನೇ ನೋಡುತ್ತಿದ್ದಳು.

"ಚೆನ್ನಾಗಿ ರಿಪೇರಿ ಮಾಡಿದೀರಮ್ಮ," ಅಂದರು. ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಒಡೆದಿತ್ತು ಅಂತ ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ. ನೊಂದ್ಕೋತಾಳೆ."

ಅಕ್ಕ ಉಗುರು ಕಿತ್ತ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು.

"ಇಲ್ಲ," ಅಂದಳು. "ಹೇಳಲ್ಲ."